ರಾಜೀನಾಮೆ ಕೊಡಲು ಹೊರಟವನು

ನಮ್ಮ ಬೀದಿಯ ಜೆರಾಕ್ಸಣ್ಣನಿಗೆ ಸರ್ಕಾರದ ವಿಷಯದಲ್ಲಿ ಗೊತ್ತಿಲ್ಲದ್ದು ಅಂತ ಏನೂ ಇರಲಿಲ್ಲ. ಇದು ಅವನದೇ ಅಭಿಪ್ರಾಯ. ಇಪ್ಪತ್ತೆರಡು ವರ್ಷದಿಂದ ಜನರ ಅರ್ಜಿ, ಜನನ ಪತ್ರ, ಮರಣ ಪತ್ರಗಳನ್ನೆಲ್ಲ ಗಾಜಿನ ಮೇಲೆ ಬೋರಲು ಮಲಗಿಸಿ ನಕಲು ತೆಗೆದವನು. ಯಂತ್ರದಿಂದ ಹೊರಗೆ ಬೀಳುವ ಬಿಸಿ ಕಾಗದವನ್ನು ಮುಟ್ಟಿ ಮುಟ್ಟಿಯೇ ಅವನಿಗೆ ಜ್ಞಾನ ಬಂದಿತ್ತು, ಓದಿ ಬಂದದ್ದಲ್ಲ. "ಇದನ್ನ ಯಾವ ಆಫೀಸಿಗೆ ಕೊಡಬೇಕಣ್ಣಾ?" ಎಂದು ಯಾರಾದರೂ ಕೇಳಿದರೆ ಮುಚ್ಚಳ ಎತ್ತುತ್ತಾ, "ಸೀಲು ಮೇಲಿದ್ರೆ ಮೇಲಿನವರಿಗೆ, ಕೆಳಗಿದ್ರೆ ಕೆಳಗಿನವರಿಗೆ" ಅನ್ನುತ್ತಿದ್ದ. ಅರ್ಧದಷ್ಟು ಸಲ ಅದು ಸರಿಹೋಗುತ್ತಿತ್ತು. ಉಳಿದರ್ಧ ಸಲ ಹೋದವರು ಬೈಯಲೆಂದೇ ವಾಪಸ್ ಬರುತ್ತಿದ್ದರು. ಆದರೆ ಅಷ್ಟು ಹೊತ್ತಿಗೆ ಅವರಿಗೆ ಇನ್ನೆರಡು ನಕಲು ಬೇಕಾಗಿರುತ್ತಿದ್ದವಾದ್ದರಿಂದ ಬೈಗುಳ ಗಂಟಲಲ್ಲೇ ನಿಲ್ಲುತ್ತಿತ್ತು.

ಒಂದು ದಿನ ಸಂಜೆ ನಾಲ್ಕಕ್ಕೆ ವಾರ್ಡ್ ಕಚೇರಿಯ ಗುಮಾಸ್ತ ಏದುಸಿರು ಬಿಡುತ್ತಾ ಅಂಗಡಿಗೆ ಬಂದ. ಕೈಯಲ್ಲಿ ಒಂದು ಪಟ್ಟಿ.

"ಹತ್ತು ಕಾಪಿ. ಬೇಗ. ಐದು ಗಂಟೆ ಒಳಗೆ ಮೇಲೆ ಹೋಗಬೇಕು" ಅಂದ. ಆಮೇಲೆ ಪಟ್ಟಿ ನೋಡಿ ತಲೆ ಚಚ್ಚಿಕೊಂಡ. "ಅಯ್ಯೋ, ಐದು ಹೆಸರು ಕೇಳಿದ್ದಾರೆ, ನಾಲ್ಕೇ ಇದೆಯಲ್ಲ! ಸರ್ಕಾರದ ವ್ಯವಹಾರ ತಿಳಿದವರು ಈ ಬೀದೀಲಿ ಯಾರಾದ್ರೂ ಇದ್ದಾರಾ?"

ಎದುರು ಬೇಕರಿಯವನು ಅಲ್ಲೇ ನಿಂತಿದ್ದ. ಇಬ್ಬರು ಟೀಚರುಗಳು ಪ್ರಶ್ನೆಪತ್ರಿಕೆ ಹಿಡಿದುಕೊಂಡು ಕಾಯುತ್ತಿದ್ದರು. ಅವರೆದುರಿಗೆ ಇಂಥ ಪ್ರಶ್ನೆ ಬಂದಾಗ ಸುಮ್ಮನಿರಲು ಜೆರಾಕ್ಸಣ್ಣನೇನು ಕಲ್ಲೇ? ಗಂಟಲು ಸರಿಮಾಡಿಕೊಂಡ.

"ವಾರ್ಡ್ ಸಮಿತಿ ಸದಸ್ಯ ಅಂತ. ಇಲ್ಲಿ ಸಹಿ ಮಾಡಿ" ಅಂದ ಗುಮಾಸ್ತ.

"ಕೆಲಸ ಏನಿರತ್ತೆ?"

"ಏನೂ ಇರಲ್ಲ. ಸಮಿತಿ ಇರಬೇಕು ಅಂತ ನಿಯಮ ಇದೆ, ಅದಕ್ಕೇ ಇದೆ. ಇವತ್ತಿನವರೆಗೂ ಒಂದು ಸಭೆನೂ ಆಗಿಲ್ಲ."

ಜೆರಾಕ್ಸಣ್ಣ ಸಹಿ ಮಾಡಿದ. ಪಟ್ಟಿಯಲ್ಲಿ ಉಳಿದ ನಾಲ್ವರು ಯಾರೆಂದು ಓದಲಿಲ್ಲ. ನಕಲು ತೆಗೆಯುವವನು ಕಾಗದ ಓದಲು ಕೂತರೆ ಅಂಗಡಿ ನಡೆಯುವುದು ಹೇಗೆ?

ಮೂರು ವಾರಕ್ಕೆ ದುಂಡು ಸೀಲಿನ ಆದೇಶ ಬಂತು. ಅದೇ ಗಳಿಗೆಯಲ್ಲಿ ಅದನ್ನು ಲ್ಯಾಮಿನೇಷನ್ ಮಾಡಿ ಗೋಡೆಗೆ ನೇತುಹಾಕಿದ. ಬೋರ್ಡ್ ಬರೆಯುವ ಅವನ ಭಾವಮೈದುನ ಅಭಿಮಾನ ತಡೆಯಲಾರದೆ ಅಂಗಡಿಯ ಹೆಸರಿನ ಕೆಳಗೆ 'ಸದಸ್ಯರು' ಎಂದು ಬರೆದುಕೊಟ್ಟ. ಬರೆದ ಮೇಲೆ ಎಡಕ್ಕೆ ಜಾಗ ಉಳಿದಿತ್ತು, ಡಬ್ಬಿಯಲ್ಲಿ ಕೆಂಪು ಬಣ್ಣವೂ ಉಳಿದಿತ್ತು. ಹಾಳು ಮಾಡುವುದೇಕೆಂದು 'ಸರ್ಕಾರಿ' ಅಂತ ಸೇರಿಸಿದ.

ಸರ್ಕಾರಿ ಸದಸ್ಯರು. ಕೇಡು ಶುರುವಾದದ್ದೇ ಅಲ್ಲಿಂದ.

ಮಾರನೇ ಬೆಳಿಗ್ಗೆ ಅಂಗಡಿಯ ಶಟರ್ ಎತ್ತುವಾಗಲೇ ಏಳು ಜನ ನಿಂತಿದ್ದರು. ಒಬ್ಬರ ಕೈಯಲ್ಲೂ ನಕಲು ಮಾಡುವ ಕಾಗದವಿರಲಿಲ್ಲ. ಒಬ್ಬ ಹೆಂಗಸಿಗೆ ಸೈನ್ಯದಲ್ಲಿರುವ ಮಗ ಗಡಿಯಿಂದ ಸ್ವಲ್ಪ ಈಚೆಗೆ ಬರಬೇಕಿತ್ತು. ಒಬ್ಬನಿಗೆ ಎಂಟೂವರೆ ಬಸ್ಸು ಅವನ ಮನೆ ಮುಂದೆ ನಿಲ್ಲಬೇಕಿತ್ತು. ನಿವೃತ್ತ ಡ್ರಿಲ್ ಮಾಸ್ತರರಿಗೆ ಅಡುಗೆ ಎಣ್ಣೆ ಏಕೆ ತುಟ್ಟಿಯಾಯಿತೆಂದು ಉತ್ತರ ಬೇಕಿತ್ತು, ಅದೂ ನಿಂತ ಕಾಲಲ್ಲಿ.

ಜೆರಾಕ್ಸಣ್ಣ ಮೊದಮೊದಲು ಹುರುಪಿನಿಂದಲೇ ವಿವರಿಸಿದ. ಹಿಂಬದಿ ಖಾಲಿಯಿದ್ದ ಕಾಗದದ ಮೇಲೆ ಒಂದು ಕಟ್ಟಡ ಬರೆದ. "ನೋಡಿ, ಸರ್ಕಾರ ಅಂದ್ರೆ ಒಂದೇ ಅಲ್ಲ. ಕೆಳಗೆ ವಾರ್ಡು, ಅದರ ಮೇಲೆ ನಗರಸಭೆ, ಅದರ ಮೇಲೆ ಜಿಲ್ಲೆ, ಆಮೇಲೆ ರಾಜ್ಯ, ತಾರಸಿ ಮೇಲೆ ಕೇಂದ್ರ. ಗಡಿ, ಸೈನ್ಯ ಎಲ್ಲ ತಾರಸಿಯವರದ್ದು. ಬಸ್ಸು ಮೂರನೇ ಮಹಡಿಯವರದ್ದು. ನಾನು ಕೆಳಗಡೆ, ಜಗಲಿ ಮೇಲೆ ಇದ್ದೀನಿ."

ಸೈನಿಕನ ತಾಯಿ ಆ ಚಿತ್ರವನ್ನು ಬಹಳ ಹೊತ್ತು ನೋಡಿದಳು. "ಒಂದೇ ಮನೇಲಿ ಐದು ಒಲೆ ಅಂತೀಯೇನಪ್ಪಾ? ಹಾಗಾದ್ರೆ ಆ ಮನೆ ಒಡೆದಿದೆ ಅಂತ ಅರ್ಥ" ಅಂದಳು. "ಜಗಲಿಯಿಂದ ಒಂದು ಕೂಗು ಹಾಕು. ತಾರಸಿಯವರಿಗೆ ಕಿವಿ ಇಲ್ವೇನು?"

ಜನರ ಲೆಕ್ಕದಲ್ಲಿ ಸರ್ಕಾರ ಅಂದರೆ ಸರ್ಕಾರ. ಅದರ ಒಂದು ಬೆರಳು ನಮ್ಮ ಬೀದಿಯಲ್ಲಿ ಅಂಗಡಿ ಇಟ್ಟುಕೊಂಡು ಕೂತಿದೆ. ಬೆರಳಿಗೆ ಹೇಳಿದರೆ ತಲೆಗೆ ಗೊತ್ತಾಗಲೇಬೇಕು. ಜೆರಾಕ್ಸಣ್ಣನ ಅತ್ತೆಯಂತೂ, "ನಮ್ಮ ಅಳಿಯಂದಿರು ಈಗ ಮೊದಲಿನ ಹಾಗಲ್ಲ, ಏನಿದ್ದರೂ ಸಾಯಂಕಾಲ ಬನ್ನಿ" ಎಂದು ಕಾಂಪೌಂಡಿನ ಬಳಿ ನಿಂತು ಬೀದಿಯವರಿಗೆಲ್ಲ ಹೊತ್ತು ಗೊತ್ತು ಮಾಡಿಕೊಡುತ್ತಿದ್ದರು.

ಇಷ್ಟಕ್ಕೇ ನಿಂತಿದ್ದರೆ ಹೇಗೋ ನಿಭಾಯಿಸಬಹುದಿತ್ತು. ಎರಡನೇ ತಿಂಗಳಲ್ಲಿ ನಲ್ಲಿಯಲ್ಲಿ ಕಂದು ನೀರು ಬಂತು.

ಮೊದಲ ದಿನ ಜನ ಟ್ಯಾಂಕ್ ತೊಳೆಯುತ್ತಿರಬೇಕು ಅಂದುಕೊಂಡರು. ಮೂರನೇ ದಿನ ನೀರಿಗೆ ವಾಸನೆ ಬಂತು. ಐದನೇ ದಿನ ಮೂರು ಮನೆಯ ಮಕ್ಕಳು ವಾಂತಿ ಮಾಡಿಕೊಂಡವು. ಆರನೇ ದಿನ ಸ್ವತಃ ಅತ್ತೆಯೇ ಹಾಸಿಗೆ ಹಿಡಿದರು. ಪಕ್ಕದ ಮನೆಯ ನರ್ಸಮ್ಮ, ಮೂವತ್ತು ವರ್ಷ ಸರ್ಕಾರಿ ಆಸ್ಪತ್ರೆಯಲ್ಲಿ ದುಡಿದು ನಿವೃತ್ತರಾದವರು, ಬಂದು ನಾಡಿ ಹಿಡಿದರು, ಕಣ್ಣಿನ ಕೆಳಗೆ ಎಳೆದು ನೋಡಿದರು, "ನೀರು" ಅಂದರು. ಇನ್ನೇನೂ ಅನ್ನಲಿಲ್ಲ. ಅತ್ತೆಯನ್ನು ಆಸ್ಪತ್ರೆಗೆ ಸೇರಿಸಿ ಡ್ರಿಪ್ ಹಾಕಿಸಬೇಕಾಯಿತು.

ಅವತ್ತು ಹನ್ನೊಂದು ಗಂಟೆಗೆ ಬೀದಿಯವರು ಬಾಟಲಿ ಹಿಡಿದುಕೊಂಡು ಅಂಗಡಿಗೆ ಬಂದರು. ಒಬ್ಬರೂ ಕೂಗಾಡಲಿಲ್ಲ. ಒಬ್ಬೊಬ್ಬರಾಗಿ ಬಂದು ಕಂದು ನೀರಿನ ಬಾಟಲಿಗಳನ್ನು ಕೌಂಟರ್ ಮೇಲೆ ಸಾಲಾಗಿ ಇಟ್ಟು ಹೋದರು. ಹತ್ತೊಂಬತ್ತು ಬಾಟಲಿ. ಡ್ರಿಲ್ ಮಾಸ್ತರರು ಕೊನೆಯದನ್ನು ಇಟ್ಟು, "ಸದಸ್ಯರೇ, ಒಂದು ಗುಟುಕು ಕುಡಿದು ನೋಡಿ" ಎಂದು ಬಹಳ ಮರ್ಯಾದೆಯಿಂದ ಹೇಳಿದರು.

ಜೆರಾಕ್ಸಣ್ಣ ಗಾಬರಿಯಲ್ಲಿ 'ಒಂದು' ಒತ್ತುವ ಕಡೆ 'ನೂರಾಹನ್ನೊಂದು' ಒತ್ತಿದ. ಯಾರದೋ ಮದುವೆ ನೋಂದಣಿ ಪತ್ರ ಯಂತ್ರದಿಂದ ಒಂದೇ ಸಮನೆ ಬೀಳತೊಡಗಿತು. ನಿಲ್ಲಿಸುವ ಗುಂಡಿ ಯಾವುದೆಂದು ಅವನಿಗೆ ಆ ಹೊತ್ತಿನಲ್ಲಿ ನೆನಪಾಗಲಿಲ್ಲ.

ಜನ ಹೋದ ಮೇಲೆ ಬೇಕರಿಯವನು ರಸ್ತೆ ದಾಟಿ ಬಂದ. ಅವನಿಗೆ ಇನ್ನೊಬ್ಬರ ಕಷ್ಟದಲ್ಲಿ ಭಾಗಿಯಾಗುವುದೆಂದರೆ ಬಹಳ ಇಷ್ಟ.

"ಹೆದರಿಸ್ತೀನಿ ಅಂದ್ಕೋಬೇಡ. ಯಾವುದೋ ಊರಲ್ಲಿ ಹೀಗೇ ನೀರು ಕೆಟ್ಟು ಜನ ಹೋದ್ರಂತೆ. ಸದಸ್ಯನನ್ನೇ ಒಳಗೆ ಹಾಕಿದ್ರಂತೆ."

"ಒಳಗೆ ಅಂದ್ರೆ?"

"ಒಳಗೆ ಅಂದ್ರೆ ಒಳಗೆ. ಪೇಪರಲ್ಲಿ ಓದಿದ್ದೆ. ಅಥವಾ ಯಾರೋ ಹೇಳಿದ್ರು. ಹೇಗಿದ್ರೂ ಮೇಲಿನವರನ್ನ ಹಿಡಿಯೋಕೆ ಆಗಲ್ಲ, ಏಣಿ ಬೇಕು. ಜಗಲಿ ಮೇಲಿರೋನು ಕೈಗೆ ಸಿಗ್ತಾನೆ ನೋಡು."

ಅಂದಿನಿಂದ ಜೆರಾಕ್ಸಣ್ಣ ಶಟರನ್ನು ಅರ್ಧಕ್ಕಿಂತ ಮೇಲೆತ್ತಲಿಲ್ಲ. ಗಿರಾಕಿಗಳು ಬಗ್ಗಿ ಕಾಗದ ಒಳಗೆ ತಳ್ಳಬೇಕಿತ್ತು. ಖಾಕಿ ಬಟ್ಟೆ ಕಂಡರೆ, ಅದು ಕೊರಿಯರ್‌ನವನದಾದರೂ, ಲ್ಯಾಮಿನೇಷನ್ ಯಂತ್ರದ ಹಿಂದೆ ಕೂತುಬಿಡುತ್ತಿದ್ದ.

ಹೆಂಡತಿ ಮನೆಯಲ್ಲಿ ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದಳು. ಮಾತು ಕಡಿಮೆ. ಅವತ್ತು ಆಸ್ಪತ್ರೆಯಿಂದ ಬಂದವಳು ಮಿಷನ್ನಿನ ಪೆಡಲ್ ತುಳಿಯುವುದನ್ನು ನಿಲ್ಲಿಸಿ ಹೇಳಿದಳು: "ರೀ, ಅಮ್ಮನಿಗೆ ಏನಾದ್ರೂ ಆದ್ರೆ ನಿಮ್ಮ ಸರ್ಕಾರಾನ ನಾನು ಬಿಡಲ್ಲ."

"ನಂದಲ್ಲ ಕಣೇ ಅದು!"

"ಬೋರ್ಡ್ ಮೇಲೆ ಹಾಗೇ ಬರೆದಿದೆಯಲ್ಲ."

ಜೆರಾಕ್ಸಣ್ಣ ರಾಜೀನಾಮೆ ಬರೆದ. ಅಭ್ಯಾಸಬಲದಿಂದ ಹತ್ತು ಪ್ರತಿ ತೆಗೆದ. ವಿಷಯ ಹೆಂಡತಿಗೆ ಮಾತ್ರ ಗೊತ್ತು.

ವಾರ್ಡ್ ಕಚೇರಿಯ ಗುಮಾಸ್ತ ಅದನ್ನು ಓದಿ ಹಾವು ಕಂಡವನಂತೆ ಕುರ್ಚಿಯಿಂದ ಹಿಂದಕ್ಕೆ ಸರಿದ. "ರಾಜೀನಾಮೆನಾ? ಇಲ್ಲಿ ಯಾರೂ ಕೊಟ್ಟಿದ್ದೇ ಇಲ್ಲ. ಅದಕ್ಕೆ ಫೈಲೇ ಇಲ್ಲ ನಮ್ಮಲ್ಲಿ. ನಾವು ಹೆಸರು ಕಳಿಸಿದ್ವಿ ಅಷ್ಟೇ. ನಗರಸಭೆಗೆ ಹೋಗಿ."

ನಗರಸಭೆಯಲ್ಲಿ ಪತ್ರ ತೆಗೆದುಕೊಳ್ಳುವ ಕಿಟಕಿಯ ಹಿಂದೆ ಸ್ವೆಟರ್ ಹಾಕಿಕೊಂಡ ಹೆಂಗಸೊಬ್ಬರು ಕೂತಿದ್ದರು. "ನಾವು ಶಿಫಾರಸು ಮಾಡಿದ್ದು. ಆದೇಶ ಜಿಲ್ಲೆಯವರದ್ದು. ಕೊಟ್ಟವರೇ ತಗೋಬೇಕು."

"ಹಾಗಾದ್ರೆ ನೀರಿನ ವಿಷಯನಾದ್ರೂ ಹೇಳಿ ತಾಯಿ. ನಮ್ಮತ್ತೆ ಆಸ್ಪತ್ರೇಲಿದ್ದಾರೆ."

"ನೀರು ಬಿಡೋದು ನಾವು. ಪೈಪು ಜಲಮಂಡಳಿಯದ್ದು."

ಇಲ್ಲಿ ಜೆರಾಕ್ಸಣ್ಣನ ಒಂದು ಗುಣ ಹೇಳಬೇಕು. ಅವನು ಎಷ್ಟೇ ಹೆದರಿರಲಿ, ಸೀಲು ಬೀಳದ ಕಾಗದ ಹಿಡಿದು ಯಾವ ಕಿಟಕಿಯನ್ನೂ ಬಿಟ್ಟು ಕದಲುವವನಲ್ಲ. "ಅದನ್ನೇ ಎರಡು ಸಾಲು ಬರೆದು ಒಂದು ಸೀಲು ಒತ್ತಿಕೊಡಿ" ಎಂದು ಕೈಮುಗಿದು ನಿಂತ. ಹಿಂದೆ ಸಾಲು ಬೆಳೆಯಿತು. ಆಕೆ ಬರೆದು ಒತ್ತಿಕೊಟ್ಟರು.

ಜಿಲ್ಲಾ ಕಚೇರಿಯಲ್ಲಿ, "ಆದೇಶ ನಮ್ಮದೇ. ಆದರೆ ಆ ಅಧಿಕಾರ ರಾಜ್ಯ ಕೊಟ್ಟಿದ್ದು. ಅವರನ್ನ ಕೇಳದೆ ನಿಮ್ಮನ್ನ ಬಿಡುಗಡೆ ಮಾಡೋಕಾಗಲ್ಲ" ಅಂದರು. ಬಿಡುಗಡೆ ಎಂಬ ಮಾತು ಕೇಳಿ ಅವನು ಬಾಗಿಲಲ್ಲಿ ಖಾಕಿ ಬಟ್ಟೆ ಇದೆಯೇ ಎಂದು ತಿರುಗಿ ನೋಡಿದ. ನೀರಿನ ವಿಷಯಕ್ಕೆ, "ಪೈಪನ್ನ ಮಂಡಳಿಯವರು ಮೂರು ವರ್ಷದ ಹಿಂದೆಯೇ ನಗರಸಭೆಗೆ ಒಪ್ಪಿಸಿದ್ದಾರೆ, ಇಲ್ಲಿ ದಾಖಲೆ ಇದೆ" ಅಂದರು. ಅದಕ್ಕೂ ಒಂದು ನಕಲು, ಒಂದು ಸೀಲು.

ಇತ್ತ ಬೀದಿಯಲ್ಲಿ ಬೇರೆಯೇ ಕಥೆ ಹುಟ್ಟಿತ್ತು. ಅಂಗಡಿ ಮುಚ್ಚಿ, ಕಂಕುಳಲ್ಲಿ ಫೈಲು ಇಟ್ಟುಕೊಂಡು, ಮುಖ ಬಾಡಿಸಿಕೊಂಡು ದಿನಾ ಕಚೇರಿಗೆ ಅಲೆಯುವ ಮನುಷ್ಯ ಮತ್ತೇನಕ್ಕೆ ಅಲೆಯುತ್ತಾನೆ? "ನಮ್ಮ ನೀರಿಗೋಸ್ಕರ ಸಾಯ್ತಾ ಇದ್ದಾನೆ ಪಾಪ" ಅಂದಳು ಸೈನಿಕನ ತಾಯಿ. ಅವನು ರಾಜಧಾನಿಗೆ ಹೊರಟ ದಿನ ಬಸ್ ನಿಲ್ದಾಣಕ್ಕೆ ಇಪ್ಪತ್ತು ಜನ ಬಂದರು. ಬಾಟಲಿ ಇಟ್ಟಿದ್ದ ಡ್ರಿಲ್ ಮಾಸ್ತರರು ಅವನ ಎರಡೂ ಕೈ ಹಿಡಿದು, "ತಪ್ಪು ತಿಳ್ಕೊಂಡಿದ್ದೆ, ಕ್ಷಮಿಸಬೇಕು" ಅಂದರು. ಬೇಕರಿಯವನು ಬನ್ನಿನ ಪೊಟ್ಟಣ ಕೊಟ್ಟ. ಬೈಗುಳವನ್ನಾದರೂ ತಡೆದುಕೊಳ್ಳಬಹುದು, ಈ ಮರ್ಯಾದೆಯನ್ನು ತಡೆದುಕೊಳ್ಳುವುದು ಹೇಗೆ? ಜೆರಾಕ್ಸಣ್ಣ ಕಿಟಕಿಯ ಪಕ್ಕ ಕೂತು ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ. ಬಸ್ಸು ಹೊರಟೇಬಿಟ್ಟಿತು.

ರಾಜಧಾನಿಯ ದೊಡ್ಡ ಕಟ್ಟಡದ ಆರನೇ ಮಹಡಿ. ಲಿಫ್ಟ್ ಐದರವರೆಗೆ ಮಾತ್ರ. ಎಳೆಯ ವಯಸ್ಸಿನ ಅಧಿಕಾರಿಯೊಬ್ಬ ತುಂಬಾ ಸಮಾಧಾನದಿಂದ ಅವನ ಮಾತು ಕೇಳಿದ. ಇದೇ ಜೆರಾಕ್ಸಣ್ಣನಿಗೆ ಇನ್ನಷ್ಟು ಭಯ ಹುಟ್ಟಿಸಿತು.

"ಸಮಿತಿಗಳು ಕೇಂದ್ರದ ಯೋಜನೆ ಕೆಳಗೆ ಬರ್ತವೆ. ಅವರ ಪೋರ್ಟಲ್‌ನಲ್ಲಿ ನಿಮ್ಮ ಹೆಸರಿದೆ. ಅಲ್ಲಿಂದ ತೆಗೀಬೇಕಂದ್ರೆ ಕಾರಣ ಕೊಡಬೇಕು" ಎಂದು ಪರದೆಯನ್ನು ಇವನ ಕಡೆ ತಿರುಗಿಸಿದ. "ನಾಲ್ಕೇ ಕಾರಣ ಇದೆ ನೋಡಿ. ಮರಣ, ಮತಿಭ್ರಮಣೆ, ಜೈಲು ಶಿಕ್ಷೆ, ಊರು ಬಿಟ್ಟು ಹೋಗಿರುವುದು. ಇದರಲ್ಲಿ ನಿಮಗೆ ಯಾವುದು ಅನುಕೂಲ?"

ಜೆರಾಕ್ಸಣ್ಣ ನಾಲ್ಕನ್ನೂ ಎರಡು ಸಲ ಓದಿದ.

"ಎರಡನೇದಕ್ಕೆ ಏನೇನು ಕಾಗದ ಬೇಕಾಗತ್ತೆ ಸಾರ್?"

"ಮೂವರು ವೈದ್ಯರ ಪ್ರಮಾಣಪತ್ರ. ಮತ್ತೆ ತಮಗೆ ಮತಿಭ್ರಮಣೆ ಆಗಿದೆ ಅಂತ ತಾವೇ ಸ್ವಸ್ಥ ಮನಸ್ಸಿನಿಂದ ಒಂದು ಘೋಷಣೆ."

ಕೋಣೆಯ ಮೂಲೆಯಲ್ಲಿ ಕೂತಿದ್ದ ಹಿರಿಯ ಅಧಿಕಾರಿಣಿ ಇದುವರೆಗೂ ತಲೆ ಎತ್ತಿರಲಿಲ್ಲ. ಈಗ ಕನ್ನಡಕ ತೆಗೆದರು. "ಬನ್ನಿ ಇಲ್ಲಿ" ಎಂದು ಕರೆದು, ಬೆನ್ನು ಕಿತ್ತುಹೋಗಿದ್ದ ನಿಯಮಾವಳಿ ಪುಸ್ತಕ ತೆಗೆದು ಬೆರಳಿಟ್ಟು ತೋರಿಸಿದರು. "ಸದಸ್ಯ ತನ್ನ ರಾಜೀನಾಮೆಯನ್ನ ಸಮಿತಿಯ ಸಭೆಗೇ ಕೊಡಬೇಕು. ಸಭೆಯೇ ಮತ ಹಾಕಿ ತೀರ್ಮಾನಿಸಬೇಕು. ಇಷ್ಟು ಮೇಲೆ ಹತ್ತಿ ಬಂದಿದ್ದೀರಲ್ಲ, ಅದು ಕೆಳಗೇ ಇತ್ತಲ್ಲಪ್ಪ!"

"ಸಭೆ ಆಗಿಯೇ ಇಲ್ಲವಲ್ಲಮ್ಮ."

"ಅಧ್ಯಕ್ಷರು ಕರೀದಿದ್ರೆ ಯಾವ ಸದಸ್ಯ ಬೇಕಾದ್ರೂ ಏಳು ದಿನದ ನೋಟೀಸ್ ಕೊಟ್ಟು ಕರೀಬಹುದು. ಐದರಲ್ಲಿ ಮೂರು ಜನ ಇರಬೇಕು. ನಗರಸಭೆ ಎಂಜಿನಿಯರ್ ಹಾಜರಿರಲೇಬೇಕು."

"ಯಾಕಮ್ಮ, ಎಂಜಿನಿಯರ್ ಯಾಕೆ? ನಂದೊಂದು ರಾಜೀನಾಮೆ ಅಷ್ಟೇ."

"ನಿಯಮ ಹಾಗಿದೆ" ಅಂದವರು, ಅವನ ಫೈಲಿನೊಳಗೆ ನೀರಿನ ಕಾಗದಗಳನ್ನು ನೋಡಿ, ಕೇಳದೆಯೇ ಇನ್ನೊಂದು ಸುತ್ತೋಲೆಯ ನಕಲು ತೆಗೆದುಕೊಟ್ಟರು. ಕುಡಿಯುವ ನೀರಿನ ತುರ್ತು ದುರಸ್ತಿಗೆ ರಸ್ತೆ ಅಗೆಯಲು ಮುಂಚಿತ ಅನುಮತಿ ಬೇಕಿಲ್ಲ ಎಂದು ಅದರಲ್ಲಿತ್ತು. ಸೀಲನ್ನೂ ಅವರೇ ಒತ್ತಿದರು.

ಊರಿಗೆ ಬಂದು ಜೆರಾಕ್ಸಣ್ಣ ಮೊದಲ ಬಾರಿಗೆ ಆ ಐವರ ಪಟ್ಟಿ ಓದಿದ. ಒಂದನೆಯವರು ಅಧ್ಯಕ್ಷರು, ಅಂದರೆ ವಾರ್ಡಿನಿಂದ ಗೆದ್ದುಹೋದ ಕೌನ್ಸಿಲರು. ಅವರಿಗೆ ಯಾವಾಗ ಫೋನ್ ಮಾಡಿದರೂ "ಮೀಟಿಂಗ್‌ನಲ್ಲಿದ್ದಾರೆ" ಎಂಬ ಉತ್ತರ. ಎರಡನೆಯವರು ತೀರಿಕೊಂಡು ಒಂದೂವರೆ ವರ್ಷವಾಗಿತ್ತು. ಅವರ ಮರಣ ಪತ್ರಕ್ಕೆ ಇವನೇ ಹದಿನಾರು ನಕಲು ತೆಗೆದಿದ್ದ. ಮೂರನೆಯವರು ನರ್ಸಮ್ಮ. ನೋಟೀಸ್ ಕೊಡಲು ಹೋದಾಗ ಅವರು, "ಅಂತೂ ಬಂತಲ್ಲ! ಹೆಸರು ಕೊಟ್ಟು ಎರಡು ವರ್ಷದಿಂದ ಕಾಯ್ತಾ ಇದ್ದೀನಿ" ಎಂದು ಬೀರುವಿನಿಂದ ಹೊಸ ನೋಟ್‌ಬುಕ್ ತೆಗೆದರು.

ನಾಲ್ಕನೆಯ ಹೆಸರು ನೋಡಿ ಜೆರಾಕ್ಸಣ್ಣ ರಸ್ತೆ ದಾಟಿ ಬೇಕರಿಗೆ ಹೋದ.

"ಇದು ನೀನೇ ಅಲ್ವೇನೋ?"

ಬೇಕರಿಯವನ ಕೈಯಲ್ಲಿದ್ದ ಬ್ರೆಡ್ಡಿನ ತಟ್ಟೆ ವಾಲಿತು. "ನಾನಾ? ಯಾವಾಗ? ಹೋದ ವರ್ಷ ಲೈಸೆನ್ಸಿಗೆ ಅಂತ ಆ ಗುಮಾಸ್ತ ಎರಡು ಕಡೆ ಸಹಿ ಹಾಕಿಸ್ಕೊಂಡಿದ್ದ... ಅಯ್ಯೋ ಅವನ ಮನೆ ಹಾಳಾಗ! ಅಣ್ಣಾ, ಆ ಒಳಗೆ ಹಾಕಿದ್ರು ಅಂತ ನಾನು ಅಂದ್ನಲ್ಲ, ಅದು ಬರೀ ಒಬ್ಬನ್ನೇ ಹಾಕಿದ್ದಾ, ಇಡೀ ಸಮಿತೀನಾ?"

"ಪೇಪರಲ್ಲಿ ಓದಿದೋನು ನೀನು. ನೀನೇ ಹೇಳು."

ಅವತ್ತಿನಿಂದ ಬೇಕರಿಯ ಶಟರೂ ಅರ್ಧಕ್ಕೇ ನಿಂತಿತು.

ಸಭೆಯ ನೋಟೀಸನ್ನು ನಿಯಮದ ಪ್ರಕಾರ ವಾರ್ಡ್ ಕಚೇರಿಯ ಗೋಡೆಗೆ ಅಂಟಿಸಲಾಯಿತು. ವಿಷಯ ಒಂದು: ರಾಜೀನಾಮೆ. ವಿಷಯ ಎರಡು: ಇತರೆ. ಯಾರ ರಾಜೀನಾಮೆ ಎಂದು ಬರೆಯಲು ಜೆರಾಕ್ಸಣ್ಣನಿಗೆ ಮನಸ್ಸಾಗಿರಲಿಲ್ಲ. ಬೀದಿ ಅದನ್ನು ಓದಿತು, ತನಗೆ ಬೇಕಾದ ಹಾಗೆ ಅರ್ಥಮಾಡಿಕೊಂಡಿತು. "ಎಂಜಿನಿಯರನ ರಾಜೀನಾಮೆ ಕೇಳ್ತಾ ಇದ್ದಾನೆ!" "ಎಂಜಿನಿಯರ್ ಯಾವ ಲೆಕ್ಕ, ಕೌನ್ಸಿಲರದ್ದೇ ಕೇಳ್ತಾನೆ. ರಾಜಧಾನೀಲಿ ಮಾತಾಡಿ ಬಂದಿದ್ದಾನೆ." ಸುದ್ದಿ ನಗರಸಭೆಗೂ ಮುಟ್ಟಿತು. ನೀರು ಕೆಟ್ಟಾಗಿನಿಂದ ಯಾರ ಫೋನನ್ನೂ ಎತ್ತದ ಎಂಜಿನಿಯರು ಸಭೆಯ ದಿನ ಹೇಳಿದ ಹೊತ್ತಿಗೆ ಹದಿನೈದು ನಿಮಿಷ ಮುಂಚೆಯೇ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು ಕೂತಿದ್ದರು.

ವಾರ್ಡ್ ಕಚೇರಿಯ ಸಭಾಂಗಣವೆಂದರೆ ಮುರಿದ ಕುರ್ಚಿಗಳ ಗೋದಾಮು. ಗುಮಾಸ್ತ ಅವುಗಳನ್ನು ಗೋಡೆಗೆ ತಳ್ಳಿ ಮೂರು ಗಟ್ಟಿ ಕುರ್ಚಿ ಹುಡುಕಿಟ್ಟಿದ್ದ. ಕಿಟಕಿಗಳ ತುಂಬ ಬೀದಿಯವರ ತಲೆಗಳು. ಕೌನ್ಸಿಲರಿಗೆ ಫೋನ್ ಮಾಡಿದರು. ಮೀಟಿಂಗ್‌ನಲ್ಲಿದ್ದರು.

"ಅಧ್ಯಕ್ಷರಿಲ್ಲದಾಗ ಸಭೆ ಕರೆದವರೇ ಅಧ್ಯಕ್ಷತೆ ವಹಿಸಬೇಕು" ಎಂದು ನರ್ಸಮ್ಮ ಓದಿದರು. ಜೆರಾಕ್ಸಣ್ಣ ನಡುವಿನ ಕುರ್ಚಿಯಲ್ಲಿ ಕೂತ. ನಾಲಿಗೆ ಒಣಗಿತ್ತು. ಮುಂದೆ ನೀರಿನ ಲೋಟ ಇಟ್ಟಿದ್ದರು. ಅದರ ಬಣ್ಣ ನೋಡಿ ಪಕ್ಕಕ್ಕೆ ಸರಿಸಿದ.

"ವಿಷಯ ಒಂದು..." ಎಂದು ಶುರುಮಾಡಿದ.

"ಇತರೆ ಮೊದಲು" ಅಂದರು ನರ್ಸಮ್ಮ. "ಮಕ್ಕಳು ಇನ್ನೂ ಹಾಸಿಗೆ ಮೇಲಿವೆ. ಮೊದಲು ನೀರು."

ಅವರು ಅಷ್ಟು ವರ್ಷ ಇಂಜೆಕ್ಷನ್ ಕೊಟ್ಟವರ ದನಿಯಲ್ಲಿ ಹೇಳಿದ್ದರಿಂದ ಯಾರೂ ಎದುರಾಡಲಿಲ್ಲ.

ಎಂಜಿನಿಯರು ಎದ್ದರು. "ನೋಡಿ, ನಮಗೂ ಕಾಳಜಿ ಇದೆ. ಆದರೆ ನೀರು ಬಿಡೋದಷ್ಟೇ ನಮ್ಮ ಕೆಲಸ. ಪೈಪು ಜಲಮಂಡಳಿಯದ್ದು."

ಜೆರಾಕ್ಸಣ್ಣನ ಕೈ ತಾನಾಗಿ ಫೈಲಿಗೆ ಹೋಯಿತು. ಗಿರಾಕಿ ಕೇಳಿದ ಕಾಗದ ತೆಗೆದುಕೊಡುವ ಹಳೇ ಅಭ್ಯಾಸ, ಬೇರೇನಲ್ಲ. "ಅಲ್ಲ ಸಾರ್, ಮೂರು ವರ್ಷದ ಹಿಂದೆ ಪೈಪು ನಿಮಗೆ ಬಂದಿದೆ. ಇಗೋ, ಜಿಲ್ಲಾ ಕಚೇರಿಯದ್ದು."

ಎಂಜಿನಿಯರು ಓದಿದರು. ಸೀಲನ್ನು ಬೆಳಕಿಗೆ ಹಿಡಿದರು. "ಸರಿ, ಬಂದಿರಬಹುದು. ಆದರೆ ರಸ್ತೆ ಲೋಕೋಪಯೋಗಿಯವರದ್ದು. ಅವರ ಅನುಮತಿ ಇಲ್ಲದೆ ನಾವು ಗುದ್ದಲಿ ಹಾಕೋ ಹಾಗಿಲ್ಲ. ಬರೆದು ಹಾಕ್ತೀವಿ, ಎರಡು ತಿಂಗಳಲ್ಲಿ..."

"ಕುಡಿಯೋ ನೀರಿಗಾದ್ರೆ ಅನುಮತಿ ಬೇಡ ಸಾರ್" ಎಂದು ಜೆರಾಕ್ಸಣ್ಣ ಅಳುವ ದನಿಯಲ್ಲಿ ಹೇಳಿದ. "ರಾಜಧಾನಿಯ ಸುತ್ತೋಲೆ. ಎರಡನೇ ಪುಟ. ಬೇಕಾದ್ರೆ ನೀವೊಂದು ಪ್ರತಿ ಇಟ್ಕೊಳ್ಳಿ, ನನ್ನ ಹತ್ರ ಹತ್ತು ಇವೆ."

ಕಿಟಕಿಯಲ್ಲಿ ಡ್ರಿಲ್ ಮಾಸ್ತರರು ಚಪ್ಪಾಳೆ ತಟ್ಟಿದರು. ಜೆರಾಕ್ಸಣ್ಣ ಬೆಚ್ಚಿಬಿದ್ದ. ಸುತ್ತಲೂ ನೋಡಿ, ಚಪ್ಪಾಳೆ ತನಗೇ ಎಂದು ಗೊತ್ತಾಗಿ ಇನ್ನೂ ಬೆಚ್ಚಿದ.

"ನಾಳೆ ನೋಡ್ತೀವಿ" ಅಂದರು ಎಂಜಿನಿಯರು.

"ಇವತ್ತು" ಅಂದರು ನರ್ಸಮ್ಮ, ನೋಟ್‌ಬುಕ್‌ನಲ್ಲಿ ಬರೆಯುತ್ತಲೇ. "ಎಷ್ಟು ಗಂಟೆಗೆ ಅಂತ ಹೇಳಿ, ಬರ್ಕೋತೀನಿ."

ಎಂಜಿನಿಯರು ಪಟ್ಟಿಯ ಒಂದನೇ ವಿಷಯವನ್ನು ಇನ್ನೊಮ್ಮೆ ಓದಿದರು. ರಾಜೀನಾಮೆ. ಕರ್ಚೀಫಿನಿಂದ ಕತ್ತು ಒರೆಸಿಕೊಂಡು, ಹೊರಗೆ ಹೋಗಿ ಫೋನ್ ಮಾಡಿದರು. ಒಂದು ಗಂಟೆಯೊಳಗೆ ಬೀದಿಯಲ್ಲಿ ಅಗೆಯುವ ಯಂತ್ರ ಬಂತು. ಮೂರಡಿ ಆಳದಲ್ಲಿ ಚರಂಡಿಯ ಪೈಪು ನೀರಿನ ಪೈಪಿನ ಮೇಲೆ ಒರಗಿಕೊಂಡಿತ್ತು. ಎರಡೂ ಬಿರುಕುಬಿಟ್ಟಿದ್ದವು, ಬಿರುಕಿಗೆ ಯಾವಾಗಲೋ ಯಾರೋ ಗೋಣಿತಾಟು ಸುತ್ತಿ ಮಣ್ಣು ಮುಚ್ಚಿ ಹೋಗಿದ್ದರು. ಇಡೀ ಬೀದಿ ಗುಂಡಿಯ ಸುತ್ತ ನಿಂತು ಮೂಗು ಮುಚ್ಚಿಕೊಂಡು ನೋಡಿತು.

ಸಭಾಂಗಣ ಖಾಲಿಯಾಗಿತ್ತು. ಒಳಗೆ ಮೂವರೇ ಉಳಿದಿದ್ದರು.

"ಈಗ ವಿಷಯ ಒಂದು" ಅಂದರು ನರ್ಸಮ್ಮ.

ಜೆರಾಕ್ಸಣ್ಣ ತನ್ನ ರಾಜೀನಾಮೆ ತೆಗೆದು ಮೇಜಿನ ಮೇಲಿಟ್ಟ. ನರ್ಸಮ್ಮ ಓದಿದರು. ಓದಿ ಅವನ ಮುಖ ನೋಡಿದರು. "ಎಲ್ಲ ಆಫೀಸಿಗೂ ಹೋಗಿದ್ದು ಇದಕ್ಕಾ?"

"ಹೌದಮ್ಮ" ಅಂದ ಜೆರಾಕ್ಸಣ್ಣ. ತಲೆ ತಗ್ಗಿಸಿದ. "ಭಯ ಆಗತ್ತೆ. ಊಟ ಸೇರಲ್ಲ. ಏನೂ ಗೊತ್ತಿಲ್ಲ ನನಗೆ. ಗೊತ್ತಿದೆ ಅಂತ ಹೇಳ್ಕೊಂಡು ಓಡಾಡ್ತಿದ್ದೆ ಅಷ್ಟೇ."

"ಒಪ್ಪಿಗೆ ಇರೋರು ಕೈ ಎತ್ತಿ."

ಬೇಕರಿಯವನ ಕೈ ತಕ್ಷಣ ಮೇಲೆದ್ದಿತು. "ಇವನದು ಆದ್ಮೇಲೆ ಮುಂದಿನದು ನನ್ನದು. ಬರೆದುಕೊಂಡೇ ಬಂದಿದ್ದೀನಿ" ಎಂದು ಜೇಬು ಮುಟ್ಟಿಕೊಂಡ.

"ನಾನು ವಿರೋಧ" ಅಂದರು ನರ್ಸಮ್ಮ. "ಒಂದಕ್ಕೊಂದು ಸಮ ಆಯ್ತು. ಸಮ ಆದಾಗ ಅಧ್ಯಕ್ಷತೆ ವಹಿಸಿದವರ ಮತವೇ ತೀರ್ಮಾನ. ಹೇಳಿ, ಅಧ್ಯಕ್ಷರೇ."

"ನಂದೇ ರಾಜೀನಾಮೆಗೆ ನಾನೇ ಹೇಳಬಹುದಾ?"

"ಹೇಳಬಾರದು ಅಂತ ಎಲ್ಲೂ ಬರೆದಿಲ್ಲ."

ಬೇಕರಿಯವನು ಮೇಜಿನ ಕೆಳಗೆ ಅವನ ಕಾಲು ತುಳಿದ. "ಹೂಂ ಅನ್ನೋ. ಇಬ್ಬರೂ ಪಾರಾಗೋಣ. ಹೂಂ ಅನ್ನು!"

ಹೊರಗೆ ಅಗೆಯುವ ಯಂತ್ರ ನಿಂತಿತ್ತು. ಸೈನಿಕನ ತಾಯಿ ಯಾರನ್ನೋ ಗದರಿಸುವುದು ಕೇಳುತ್ತಿತ್ತು: "ಆ ಹಳೇ ಪೈಪ್ ಮತ್ತೆ ಹಾಕಬೇಡ್ರಯ್ಯಾ, ಒಳಗೆ ನಮ್ಮೋನಿದ್ದಾನೆ, ಕರೀತೀನಿ ನೋಡಿ!" ಜೆರಾಕ್ಸಣ್ಣ ಪೆನ್ನಿನ ಮುಚ್ಚಳ ತೆಗೆದ, ಹಾಕಿದ, ಮತ್ತೆ ತೆಗೆದ. ಅಂಗಿಯ ಬೆನ್ನು ಪೂರ್ತಿ ಒದ್ದೆಯಾಗಿತ್ತು. ಕೊನೆಗೆ ಬಾಯಿಂದ ಹೇಳಲಾಗದೆ ನೋಟ್‌ಬುಕ್ ತನ್ನ ಕಡೆ ಎಳೆದುಕೊಂಡು, ಒಂದು ಸಾಲು ಬರೆದು ಸಹಿ ಹಾಕಿದ.

ಬೇಕರಿಯವನು ಬಗ್ಗಿ ಓದಿ ತಲೆಯ ಮೇಲೆ ಕೈ ಹೊತ್ತುಕೊಂಡ.

ಮನೆಗೆ ಬಂದಾಗ ಹೆಂಡತಿ ಸಮವಸ್ತ್ರಕ್ಕೆ ಗುಂಡಿ ಹಚ್ಚುತ್ತಿದ್ದಳು. ಹಿಂದಿನ ದಿನವಷ್ಟೇ ಆಸ್ಪತ್ರೆಯಿಂದ ಬಂದ ಅತ್ತೆ ಗೋಡೆಗೆ ಒರಗಿ ಗಂಜಿ ಕುಡಿಯುತ್ತಿದ್ದರು.

"ಏನಾಯ್ತು? ಬಿಟ್ರಾ?" ಎಂದು ಹೆಂಡತಿ ದಾರ ಕಚ್ಚುತ್ತಾ ಕೇಳಿದಳು.

"ಇಲ್ಲ. ಒಪ್ಪಲಿಲ್ಲ."

"ಯಾರು ಒಪ್ಪಲಿಲ್ಲ?"

ಜೆರಾಕ್ಸಣ್ಣ ಒದ್ದೆ ಅಂಗಿ ಬಿಚ್ಚಿ ಮೊಳೆಗೆ ನೇತುಹಾಕಿದ.

"ಸರ್ಕಾರ" ಅಂದ.